ಪೂಜೆಗೆ ಕುಳಿತ ಪಾನಾ

ಲಾರಿಯ ಗಾಲಿ ಬಿಗಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಹತ್ತಿರ ಇರುವ ಉಪಾಯ ಸುಣ್ಣ. ಎಲೆಯಡಿಕೆ ಹಾಕಿಕೊಂಡ ಮೇಲೆ ಬೆರಳಿಗೆ ಉಳಿದ ಸುಣ್ಣವನ್ನು ನಟ್ಟಿನ ಮೇಲಿಂದ ಗಾಲಿಯ ಡಿಸ್ಕಿನವರೆಗೆ ಒಂದೇ ಗೆರೆಯಾಗಿ ಎಳೆದುಬಿಡುತ್ತೇನೆ. ಒಂದು ಗಾಲಿಗೆ ಹತ್ತು ನಟ್ಟು, ಹತ್ತು ಗೆರೆ. ಸ್ವಲ್ಪ ದೂರ ಓಡಿಸಿ ಇಳಿದು ನೋಡಿದರೆ ಸಾಕು. ಗೆರೆ ನೆಟ್ಟಗಿದ್ದರೆ ನಟ್ಟು ಇದ್ದಲ್ಲೇ ಇದೆ, ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ಆಗ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಂತು ಮೈಭಾರವನ್ನೆಲ್ಲ ಬಿಟ್ಟು ಬಿಗಿಯಬೇಕು. ಪಾನಾ ಇಲ್ಲದೆ ಲಾರಿ ಹೊರಡಿಸುವವನು ಒಂದೋ ಹುಚ್ಚ, ಇಲ್ಲ ನಾನು.

ನನ್ನ ಹೆಸರು ಮಾರೆಣ್ಣ. ಸಿರುಗುಪ್ಪದ ದೊಡ್ಡಬಸಪ್ಪ ಸಾಹುಕಾರರ ಹತ್ತು ಗಾಲಿಯ ಲಾರಿ ಓಡಿಸುತ್ತೇನೆ. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮನೆ ಎಂದರೆ ಹೆಂಡತಿ ಭಾಗ್ಯ, ಮಗಳು ಗೌತಮಿ ಇರುವ ಜಾಗ. ನಾನಿರುವುದು ಲಾರಿಯ ಕ್ಯಾಬಿನ್ನಿನಲ್ಲಿ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಮಲಗಿದರೆ ಹೆಚ್ಚು, ಆ ನಾಲ್ಕು ದಿನವೂ ಇಂಜಿನ್ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲ.

ಡ್ರೈವರ್ ಎಂದರೆ ಸ್ಟೀರಿಂಗ್ ತಿರುಗಿಸುವವನು ಎಂದು ಜನ ತಿಳಿದಿದ್ದಾರೆ. ತಿರುಗಿಸುವುದು ಸುಲಭ, ಕಾಯುವುದು ಕಷ್ಟ. ಮಿಲ್ಲಿನ ಗೇಟಿನಲ್ಲಿ ಕಾಯಬೇಕು, ತೂಕದ ಕಾಟಾದ ಮುಂದೆ ಕಾಯಬೇಕು, ಮಾಲು ಇಳಿಸುವ ಊರಿನಲ್ಲಿ ಹಮಾಲರು ಊಟ ಮುಗಿಸಿ ಬೀಡಿ ಸೇದಿ ಬರುವವರೆಗೆ ಕಾಯಬೇಕು. ಕಾದದ್ದನ್ನು ಯಾರೂ ಕೇಳುವುದಿಲ್ಲ, ತಡವಾದದ್ದನ್ನು ಎಲ್ಲರೂ ಕೇಳುತ್ತಾರೆ. ಮೊದಲು ಮಾತಿಗೊಬ್ಬ ಕ್ಲೀನರ್ ಇರುತ್ತಿದ್ದ, ಅವನನ್ನೂ ತೆಗೆದು ಹಾಕಿದರು. ಅವನ ಬದಲು ಜಿಪಿಎಸ್ ಹಾಕಿಸಿದರು. ನಾನು ಉಚ್ಚೆಗೆ ನಿಂತರೂ ಸಿರುಗುಪ್ಪದಲ್ಲಿ ಕುಳಿತ ಸಾಹುಕಾರರ ಮೊಬೈಲಿಗೆ ಗೊತ್ತಾಗುತ್ತದೆ. ಐದು ನಿಮಿಷಕ್ಕೆ ಫೋನು ಬರುತ್ತದೆ.

ಹೀಗಿರುವಾಗ ಕುಡತಿನಿಯ ಒಂದು ಕಾರ್ಖಾನೆಯ ಸ್ಟಾಫ್ ಬಸ್ಸಿಗೆ ಡ್ರೈವರ್ ಬೇಕೆಂಬುದನ್ನು ಗೌತಮಿ ಮೊಬೈಲಿನಲ್ಲಿ ನೋಡಿದಳು. ಬೆಳಿಗ್ಗೆ ಬಳ್ಳಾರಿಯಿಂದ ಜನರನ್ನು ಕರೆದೊಯ್ಯುವುದು, ಸಂಜೆ ತಂದು ಬಿಡುವುದು. ಮನೆಯ ಊಟ, ಮನೆಯ ನಿದ್ದೆ. ಅವರು ಬೇಡಿದ್ದು ಎರಡೇ. ಈಗಿನ ಮಾಲೀಕರಿಂದ ಅನುಭವದ ಪತ್ರ, ಮತ್ತೆ ಮೈಮೇಲೆ ಪೊಲೀಸ್ ಕೇಸು ಇರಬಾರದು. ಕೇಸಿನ ಹೆದರಿಕೆ ನನಗಿರಲಿಲ್ಲ, ಇಪ್ಪತ್ತಾರು ವರ್ಷದಲ್ಲಿ ಒಂದು ಕುರಿಗೂ ಗುದ್ದಿದವನಲ್ಲ ನಾನು. ಪತ್ರವನ್ನು ಸಾಹುಕಾರರಲ್ಲಿ ಕೇಳಿದ್ದಕ್ಕೆ, "ಹಬ್ಬದ ಲೋಡು ಗೋವಾಕ್ಕ ಮುಟ್ಟಿಸಿ ಬಾ, ಬರದು ಕೊಡ್ತೀನಿ," ಎಂದಿದ್ದರು. ಆವತ್ತಿನಿಂದ ಭಾಗ್ಯ ನನ್ನ ಹಾಸಿಗೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕತೊಡಗಿದ್ದಳು. ಅದನ್ನು ನೋಡಿ ನನಗೆ ನಗು ಬಂದಿತ್ತು.

ಆಯುಧ ಪೂಜೆಗೆ ಮೂರು ದಿನ ಇರುವಾಗ ಸಾಹುಕಾರರಿಗೆ ಲಾರಿಯ ಗಾಲಿಗಳು ಹಳತಾಗಿ ಕಂಡವು. ಎಲ್ಲವನ್ನೂ ಬಿಚ್ಚಿಸಿ ಕೆಂಪು ಬಣ್ಣ ಹೊಡೆಸಿದರು. ಪೇಂಟರ್ ಉತ್ಸಾಹದವನು. ಹೊರಮೈಗೆ ಎರಡು ಕೋಟು ಹೊಡೆದವನು, ಡ್ರಮ್ಮಿಗೆ ಅಂಟಿ ಕೂರುವ ಒಳಮೈಗೂ ಎರಡು ಕೋಟು ಬಳಿಯತೊಡಗಿದ. ನಾನು ಸಾಹುಕಾರರ ಹತ್ತಿರ ಹೋದೆ.

"ಒಳಗಿನ ಮೈಗೆ ಬಣ್ಣ ಬ್ಯಾಡ್ರಿ ಸಾವ್ಕಾರ್ರ. ಕಬ್ಬಿಣಕ್ಕ ಕಬ್ಬಿಣ ಕುಂದರಬೇಕು. ನಡುವ ಬಣ್ಣ ಇದ್ರ ಓಡ್ತಾ ಓಡ್ತಾ ಅದು ಹಿಚುಕಿ ಹೋಗತೈತಿ, ನಟ್ಟು ಸಡಲ ಆಗ್ತಾವು."

"ಬಣ್ಣ ಎಷ್ಟು ದಪ್ಪ ಇರತೈತೋ ಮಾರೆಣ್ಣ? ನಿನ್ನ ಚರ್ಮಕ್ಕಿಂತ ದಪ್ಪ ಇರತೈತೇನು?"

ಸಾಹುಕಾರರು ನಕ್ಕರು. ಪೇಂಟರೂ ನಕ್ಕ. ಹೊಸ ಬಣ್ಣದ ಗಾಲಿಯನ್ನು ಒಂದಿಷ್ಟು ದೂರ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿದುಬಿಟ್ಟರೆ ಅಪಾಯ ತಪ್ಪುತ್ತದೆ. ಪಾನಾ ಹೇಗೂ ನನ್ನ ಸೀಟಿನ ಹಿಂದೆಯೇ ಇರುತ್ತದಲ್ಲ ಎಂದುಕೊಂಡೆ.

ಹಬ್ಬದ ದಿನ ಬೆಳಿಗ್ಗೆ ಲಾರಿ ಸಿರುಗುಪ್ಪದ ಮಿಲ್ಲಿನ ಅಂಗಳದಲ್ಲಿ ಅಕ್ಕಿ ಮೂಟೆ ತುಂಬಿಕೊಂಡು, ಮೂತಿಗೆ ಬಾಳೆಕಂಬ ಕಟ್ಟಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ನಾನು ಜಾಕು, ಪಾನಾ, ಪೈಪು, ಸುತ್ತಿಗೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಆಫೀಸಿನ ಬಾಗಿಲಿಗೆ ಒಯ್ದೆ. ಹೊಸ್ತಿಲಲ್ಲೇ ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟರು. ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಮಂಗಳಾರತಿ ಆಯಿತು. ಲಾರಿಯ ಮುಂದೆ ಬೂದುಗುಂಬಳ ಒಡೆದರು. ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟರು.

"ಹತ್ತು, ಹೊಂಡು," ಎಂದರು ಸಾಹುಕಾರರು.

"ಪಾನಾ, ಜಾಕು ಕೊಡ್ರಿ. ಇಟ್ಕೊಂಡು ಹೊಂಡ್ತೀನಿ."

"ಲೇ, ಅವು ಪೂಜಿಗಿ ಕುಂತಾವು. ನಾಳಿ ಬನ್ನಿ ಮುಡಿಯೋತನಕ ಎತ್ತಬಾರದು ಅನ್ನೋದು ಗೊತ್ತಿಲ್ಲೇನು ನಿನಗ?"

"ಹಂಗಾದ್ರ ಗಾಡಿನೂ ನಾಳಿ ಹೊಂಡಲಿ ಬಿಡ್ರಿ. ಗಾಡಿಗೂ ಪೂಜಿ ಆಗೈತೆಲ್ಲ."

"ಗಾಡಿ ಮಾತು ಬ್ಯಾರೆ. ಲಿಂಬಿಹಣ್ಣು ತುಳಿದ ಗಾಡಿ ನಿಂದರಬಾರದು. ಗೋವಾದಾಗ ನಾಳಿ ಮಾಲು ಇಳೀಬೇಕು."

ಶಾಸ್ತ್ರ ಎಷ್ಟು ಅನುಕೂಲವಾಗಿ ತಿರುಗುತ್ತದೆ ನೋಡಿ. ಕಬ್ಬಿಣದ ಪಾನಾಕ್ಕೆ ಹಬ್ಬದ ರಜೆ ಇತ್ತು. ಲಾರಿಗೆ ಇರಲಿಲ್ಲ, ನನಗೂ ಇರಲಿಲ್ಲ. ವರ್ಷವಿಡೀ ನನ್ನ ಅಂಗೈ ಬೆವರಿನಲ್ಲಿ ನೆನೆದ ವಸ್ತು ಒಂದು ದಿನದ ಮಟ್ಟಿಗೆ ನಾನು ಮುಟ್ಟಬಾರದ ವಸ್ತುವಾಗಿ ಒಳಗೆ ಕುಳಿತಿತ್ತು. ಅಲ್ಲೇ ಕೀಲಿಕೈ ಎಸೆದು ಹೋಗಬೇಕಿತ್ತು. ಎಸೆಯಲಿಲ್ಲ. ಅನುಭವದ ಪತ್ರ ಅವರ ಕೈಯಲ್ಲಿತ್ತು. ಬೆರಳಿಗೆ ಸುಣ್ಣ ತೆಗೆದುಕೊಂಡು ಗಾಲಿಗಾಲಿಗೂ ಗೆರೆ ಎಳೆದೆ. ಹೊಸ ಕೆಂಪು ಬಣ್ಣದ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತಿತ್ತು. ಲಿಂಬೆಹಣ್ಣು ತುಳಿದು ಹೊರಟೆ.

ತೆಕ್ಕಲಕೋಟೆಯವರೆಗೂ ಮನಸ್ಸು ತಡೆಯಲಿಲ್ಲ ಎನ್ನುವುದಕ್ಕಿಂತ ಬೆನ್ನು ತಡೆಯಲಿಲ್ಲ ಎನ್ನಬೇಕು. ಹಿಂದೆ ಎಡಗಡೆಯಿಂದ ಸಣ್ಣ ನಡುಕ ಸೀಟಿಗೆ ಬರುತ್ತಿತ್ತು. ಊರ ಹೊರಗೆ ನಿಲ್ಲಿಸಿ ಇಳಿದು ನೋಡಿದೆ. ಎಡ ಹಿಂಗಾಲಿಯಲ್ಲಿ ಹತ್ತು ಗೆರೆಯಲ್ಲಿ ನಾಲ್ಕು ತುಂಡಾಗಿದ್ದವು. ಒಂದು ನಟ್ಟನ್ನು ಬೆರಳಲ್ಲಿ ಹಿಡಿದರೆ ಬೆರಳಿಗೇ ತಿರುಗಿತು.

ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಕೊಟ್ಟೂರಪ್ಪ ನನಗೆ ಹಳೆಯ ಪರಿಚಯ. ಅವನ ಅಂಗಡಿಯ ಷಟರು ಅರ್ಧ ಎತ್ತಿತ್ತು. ಒಳಗೆ ಅವನ ಪಾನಾಗಳೂ, ಜಾಕುಗಳೂ, ಗಾಳಿ ತುಂಬುವ ಮಷಿನ್ನೂ ಹೂ ಮುಡಿದು ಕುಳಿತಿದ್ದವು.

"ಐದೇ ನಿಮಿಷ ಕೊಡೋ ಕೊಟ್ಟೂರಪ್ಪ. ಇಲ್ಲೇ ಬಿಗಿದು ಇಲ್ಲೇ ಇಡ್ತೀನಿ."

"ಹೆಂಗ ಕೊಡ್ಲೋ ಮಾರೆಣ್ಣ? ಕುಂದ್ರಿಸಿ ಆಗೈತಿ. ಎತ್ತಿದ್ರ ವರ್ಷಪೂರ್ತಿ ಕೆಲಸ ಕೆಡತೈತಿ ಅಂತಾಳ ನಮ್ಮವ್ವ. ನಾಳಿ ಬನ್ನಿ ಮುಡಿದ ಮ್ಯಾಲೆ ನಾನs ಬಂದು ಬಿಗಿದು ಕೊಡ್ತೀನಿ. ತಗೋ, ಪ್ರಸಾದ ತಿನ್ನು."

ಕೊಬ್ಬರಿ ಚೂರು, ಮಂಡಕ್ಕಿ ನನ್ನ ಕೈಗೆ ಹಾಕಿದ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಬೈದು ಕಿತ್ತುಕೊಂಡು ಬರಬಹುದಿತ್ತು. ಊರಲ್ಲಿ ಇನ್ನೆರಡು ಕಡೆ ಕೇಳಿದೆ, ಅಲ್ಲಿಯೂ ಮಂಡಕ್ಕಿಯೇ ಸಿಕ್ಕಿತು. ರಾಜಸ್ಥಾನದ ಲಾರಿಯೊಂದು ರಸ್ತೆ ಬದಿಗೆ ನಿಂತಿತ್ತು. ಆ ಡ್ರೈವರ್ ಕೇಳುವ ಮೊದಲೇ ತನ್ನ ಪಾನಾ ತೆಗೆದುಕೊಟ್ಟ. ಅದರ ಬಾಯಿ ನನ್ನ ನಟ್ಟಿಗಿಂತ ಸಣ್ಣದು.

ಕೌಲ್ ಬಜಾರಿನ ಹೊನ್ನೂರ್ ಸಾಬನಿಗೆ ಫೋನು ಹಚ್ಚಿದೆ. ಅವನದು ಟೈರಿನ ಅಂಗಡಿ, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ.

"ಬಳ್ಳಾರಿ ಮ್ಯಾಲೆ ಬಾ ಭಾಯ್. ನಮ್ಮ ಪಾನಾ ಪೂಜಿಗಿ ಕುಂತಿಲ್ಲ. ನೀ ಮೆಲ್ಲಕ ಬಾ, ನಾ ಅರ್ಧ ದಾರಿಗೆ ಎದುರಿಗೆ ಬರ್ತೀನಿ, ಬೈಕ್ ಮ್ಯಾಲೆ."

ನನ್ನ ಜೀವ ತಣ್ಣಗಾಯಿತು. ಆದರೆ ನಾನು ಹೋಗಬೇಕಿದ್ದುದು ಬಳ್ಳಾರಿ ಮೇಲಲ್ಲ. ತೆಕ್ಕಲಕೋಟೆಯಿಂದ ಒಳದಾರಿ ಹಿಡಿದು ಕುರುಗೋಡಿಗೆ ಹೋಗಿ, ಅಲ್ಲಿಯ ಗೋಡೌನಿನಲ್ಲಿ ಇನ್ನಷ್ಟು ಮೂಟೆ ಹಾಕಿಕೊಂಡು, ಕುಡತಿನಿ ಹತ್ತಿರ ಹೈವೇ ಸೇರಬೇಕಿತ್ತು. ಸಾಹುಕಾರರಿಗೆ ಫೋನು ಮಾಡುವ ಕಷ್ಟವೇ ಬರಲಿಲ್ಲ. ಅವರೇ ಮಾಡಿದರು.

"ಅರ್ಧ ತಾಸಿಂದ ತೆಕ್ಕಲಕೋಟಿಯಾಗ ಏನು ಹೆಣ ಕಾಯಾಕ ಹತ್ತೀಯೇನೋ?"

"ನಟ್ಟು ಸಡಲ ಆಗ್ಯಾವ್ರಿ. ಬಳ್ಳಾರಿ ಮ್ಯಾಲೆ ಹೋಗ್ತೀನಿ. ಹೊನ್ನೂರ್ ಸಾಬ ಪಾನಾ ತರ್ತಾನ."

ಆ ಕಡೆಯಿಂದ ನಗು ಕೇಳಿಸಿತು.

"ಹಬ್ಬದ ಹೋಳಿಗಿ ಉಣ್ಣಾಕ ಮನಿಗಿ ಹೋಗಬೇಕಂತ ನಟ್ಟು ಸಡಲ ಆಗ್ಯಾವೇನೋ? ಕೌಲ್ ಬಜಾರ್ ಬರತೈತೆಲ್ಲ ದಾರಿಯಾಗ. ನಿಮ್ಮ ಹಣೆಬರಹನs ಇಷ್ಟು. ಬಸ್ಸಿನ ನೌಕರಿ ಬ್ಯಾರೆ ಬೇಕು ಇವನಿಗೆ."

"ಸಾವ್ಕಾರ್ರ, ದೇವರಾಣಿ..."

"ಕುರುಗೋಡಿನ ಗೋಡೌನಿನಾಗ ಪಾನಾ ಐತಿ. ಅಲ್ಲಿ ಬಿಗಿ ಮಾಡ್ಕೋ. ಈಗ ಗಾಡಿ ಎತ್ತು. ಪತ್ರ ಬೇಕಾ, ಬ್ಯಾಡಾ?"

ಆ ಗೋಡೌನಿನ ಪಾನಾ ಕೂಡ ಪೂಜೆಗೆ ಕುಳಿತಿರುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನನಗೆ ಉರಿದದ್ದು ಆ ಹೋಳಿಗೆಯ ಮಾತು. ಹೋಳಿಗೆ ತಿನ್ನಲು ಸುಳ್ಳು ಹೇಳುವವನು ಎನ್ನಿಸಿಕೊಳ್ಳಬಾರದೆಂದು, ಬಳ್ಳಾರಿ ಕಡೆಗೆ ಹೊರಳಿಸಿದ್ದ ಸ್ಟೀರಿಂಗನ್ನು ಕುರುಗೋಡಿನ ದಾರಿಗೆ ತಿರುಗಿಸಿದೆ. ಇದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ಸ್ಟೀರಿಂಗ್ ಹಿಡಿದಿದ್ದ ಕೈ ನನ್ನದು. ಹೊನ್ನೂರ್ ಸಾಬನಿಗೆ ಬರಬೇಡ ಎಂದು ಫೋನು ಮಾಡಿದವನೂ ನಾನೇ.

ಸಡಿಲಾದ ನಟ್ಟುಗಳನ್ನು ಕೈಯಲ್ಲಿ ಆದಷ್ಟು ತಿರುಗಿಸಿ, ಕಲ್ಲು ತೆಗೆದುಕೊಂಡು ಹೊಡೆದು ಕೂರಿಸಿದೆ. ಮೂವತ್ತರ ಮೇಲೆ ಮುಳ್ಳು ಏರಗೊಡದೆ ಓಡಿಸಿದೆ. ಎರಡು ಸಲ ಇಳಿದು ನೋಡಿದೆ. ಮೊದಲ ಸಲ ಐದು ಗೆರೆ ತುಂಡಾಗಿದ್ದವು. ಎರಡನೆಯ ಸಲ ಎಣಿಸಲಿಲ್ಲ, ಕೈಯಲ್ಲಿ ತಿರುಗಿಸಿ ಹತ್ತಿ ಕುಳಿತೆ. ಕುರುಗೋಡಿಗೆ ಇನ್ನೆಷ್ಟು ದೂರ, ಹೋಗಿಬಿಡೋಣ ಅನ್ನಿಸಿತ್ತು. ದಾರಿಯುದ್ದಕ್ಕೂ ಹೂ ಮುಡಿದ ಟ್ರ್ಯಾಕ್ಟರುಗಳು, ಬೈಕುಗಳು ಎದುರಾಗುತ್ತಿದ್ದವು. ಎಲ್ಲರೂ ಹಬ್ಬದ ಬಟ್ಟೆ ಹಾಕಿಕೊಂಡು ನನ್ನ ಬಾಳೆಕಂಬದ ಲಾರಿಗೆ ಕೈ ಬೀಸುತ್ತಿದ್ದರು.

ತನ್ನ ಲಾರಿಯ ಗಾಲಿ ತನ್ನನ್ನೇ ದಾಟಿ ಮುಂದೆ ಹೋಗುವುದನ್ನು ನೋಡುವ ಗತಿ ಯಾವ ಡ್ರೈವರನಿಗೂ ಬರಬಾರದು. ಕುರುಗೋಡು ಹತ್ತಿರವಾದಾಗ ಒಂದು ಸಣ್ಣ ಇಳಿಜಾರಿದೆ. ಅಲ್ಲಿ ಹಿಂದಿನಿಂದ ದಡಕ್ಕೆಂದು ಸದ್ದಾಯಿತು, ಲಾರಿ ಎಡಕ್ಕೆ ವಾಲಿತು. ಬ್ರೇಕು ತುಳಿದೆ. ಆಗ ಎಡ ಕಿಟಕಿಯ ಪಕ್ಕದಲ್ಲಿ ಕೆಂಪು ಗಾಲಿಯೊಂದು ತನ್ನ ಪಾಡಿಗೆ ತಾನು ಉರುಳುತ್ತ ನನ್ನನ್ನು ಹಿಂದೆ ಹಾಕಿತು. ಅದರ ಒಳಜೊತೆಯ ಗಾಲಿ ಡ್ರಮ್ಮಿನ ಮೇಲೇ ಓರೆಯಾಗಿ ಸಿಕ್ಕಿಕೊಂಡಿತ್ತು. ನಾನು ಹಾರನ್ ಒತ್ತಿದೆ. ಗಾಲಿಗೆ ಹಾರನ್ ಏನು ಕೇಳಿಸುತ್ತದೆ? ರಸ್ತೆಯ ಎಡಕ್ಕೆ ಒಬ್ಬ ಹೆಂಗಸು ತಾಡಪಾಲು ಹಾಸಿಕೊಂಡು ಬೂದುಗುಂಬಳ, ಲಿಂಬೆಹಣ್ಣು, ಚೆಂಡುಹೂ ಮಾರುತ್ತ ಕುಳಿತಿದ್ದಳು. ಗಾಲಿ ನೇರವಾಗಿ ಅವಳ ಕಡೆಗೆ ಹೋಯಿತು.

ನಾನು ಓಡಿ ಹೋದಾಗ ಕುಂಬಳಕಾಯಿಗಳ ತಿರುಳೆಲ್ಲ ರಸ್ತೆಗೆ ಚೆಲ್ಲಿತ್ತು. ಅವಳು ಅದರ ನಡುವೆ ಬಿದ್ದಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ವಯಸ್ಸು ಐವತ್ತೈದು ಆಗಿರಬಹುದು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಹುಚ್ಚನಂತೆ ಒಂದೇ ಮಾತು ಹೇಳುತ್ತಿದ್ದೆ.

"ಯಕ್ಕಾ, ಪಾನಾ ಇದ್ದಿಲ್ಲಬೇ ಯಕ್ಕಾ. ಪೂಜಿಗಿ ಇಟ್ಕೊಂಡ್ರು, ಕೊಡಲಿಲ್ಲ. ಪಾನಾ ಇದ್ದಿಲ್ಲ ನನ್ನ ಹತ್ರ."

ಅವಳು ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. "ಹೂಂನಪ್ಪಾ," ಎಂದಳು. ಆಮೇಲೆ ನೋವಿಗೆ ಕೂಗಿಕೊಂಡಳು.

ಯಾರೋ ಟಾಟಾ ಏಸ್ ತಂದರು. ಅವಳನ್ನು ಅದರಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಓಡಿದೆವು. ಆಸ್ಪತ್ರೆಯಲ್ಲಿ ಅವಳ ಹೆಸರು ಹಂಪಕ್ಕ ಎಂದು ಗೊತ್ತಾಯಿತು. ಜೀವಕ್ಕೆ ಅಪಾಯವಿಲ್ಲ, ಕಾಲಿಗೆ ರಾಡು ಹಾಕಬೇಕು, ಮೊದಲಿನಂತೆ ನಡೆಯುವುದು ಕಷ್ಟ ಎಂದರು. ಅವಳ ತಂಗಿ ಬಂದ ಮೇಲೆ ನಾನು ಲಾರಿ ನಿಂತ ಜಾಗಕ್ಕೆ ವಾಪಸಾದೆ. ಓಡಿಹೋದ ಡ್ರೈವರ್ ಎನ್ನಿಸಿಕೊಳ್ಳಬಾರದಲ್ಲ.

ಅಷ್ಟರಲ್ಲಿ ಸಂಜೆ ನಾಲ್ಕೂವರೆ. ಲಾರಿಯ ಸುತ್ತ ಜನ. ಠಾಣೆಯಿಂದ ಒಬ್ಬ ಜಮಾದಾರರು ಬಂದು ಬರೆದುಕೊಳ್ಳುತ್ತಿದ್ದರು. ಸಾಹುಕಾರರ ಬಿಳಿ ಕಾರು ಪಕ್ಕದಲ್ಲಿ ನಿಂತಿತ್ತು. ನನ್ನನ್ನು ನೋಡಿ ಸಾಹುಕಾರರು ಬೈಯಲಿಲ್ಲ, ಹೆಗಲ ಮೇಲೆ ಕೈ ಇಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆಗಲೇ ನನಗೆ ತಿಳಿಯಬೇಕಿತ್ತು.

"ನಟ್ಟು ಯಾಕ ಬಿಗಿ ಮಾಡ್ಕೊಳ್ಳಲಿಲ್ಲಪಾ?" ಜಮಾದಾರರು ಕೇಳಿದರು.

"ಪಾನಾ ಇದ್ದಿಲ್ರಿ ಸಾಹೇಬ್ರ. ಸಾವ್ಕಾರ್ರು ಪೂಜಿಗಿ ಇಟ್ಕೊಂಡ್ರು. ನಾಳಿ ಬನ್ನಿ ಮುಡಿಯೋತನಕ ಎತ್ತಂಗಿಲ್ಲ ಅಂದ್ರು."

ಜಮಾದಾರರು ಸಾಹುಕಾರರ ಮುಖ ನೋಡಿದರು. ಸಾಹುಕಾರರು ದುಃಖದಿಂದ ತಲೆ ಆಡಿಸಿದರು. "ಪೂಜಿ ಮಾಡಿ ನನ್ನ ಕೈಯಾರ ಗಾಡಿಯಾಗ ಇಟ್ಟು ಕಳಿಸೀನ್ರಿ. ನೋಡ್ರಿ ಬೇಕಾರ."

ಜಮಾದಾರರು ಕ್ಯಾಬಿನ್ ಹತ್ತಿ ಸೀಟಿನ ಹಿಂದಿನ ಡಬ್ಬಿ ತೆಗೆದರು. ಪಾನಾ ಇತ್ತು. ಕೆಂಪು ಬಟ್ಟೆಯ ಮೇಲೆ ಮಲಗಿತ್ತು. ಮೈಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಬಾಯಿಯಲ್ಲಿ ಒಂದು ಚೆಂಡುಹೂವಿನ ಎಸಳು. ಬನ್ನಿ ಮುಡಿಯುವ ಮೊದಲೇ ಅದು ಪೂಜೆಯಿಂದ ಎದ್ದು ಕಾರಿನಲ್ಲಿ ಕುಳಿತು ಬಂದಿತ್ತು. ನಲವತ್ತು ಕಿಲೋಮೀಟರ್ ದಾರಿಯಲ್ಲಿ ಒಂದು ಗೆರೆಯೂ ಅಳಿಸದಂತೆ ತರಲು ಎಷ್ಟು ಜತನ ಮಾಡಿದ್ದರೋ ಸಾಹುಕಾರರು.

ಜಮಾದಾರರು ಅದನ್ನು ಬಿಸಿಲಿಗೆ ಹಿಡಿದರು.

"ವಿಭೂತಿ ಗೆರಿ ಹಂಗs ನೆಟ್ಟಗ ಐತಿ ನೋಡಪಾ. ಮುಂಜಾನಿಂದ ಒಂದು ಸಲಾನೂ ಮುಟ್ಟಿಲ್ಲ ನೀನು."

ಗೆರೆ ಮುರಿದಿಲ್ಲ ಎಂದರೆ ಅಲುಗಾಡಿಲ್ಲ ಎಂದು ಅರ್ಥ. ಇಪ್ಪತ್ತಾರು ವರ್ಷ ನಾನು ನಂಬಿ ಬದುಕಿದ್ದು ಅದೇ ಲೆಕ್ಕವನ್ನು.

ತೆಕ್ಕಲಕೋಟೆಯ ಕೊಟ್ಟೂರಪ್ಪನನ್ನು ಕೇಳಿ, ಹೊನ್ನೂರ್ ಸಾಬನನ್ನು ಕೇಳಿ ಎಂದು ನಾನು ಕೂಗಾಡಿದೆ. ಜಮಾದಾರರು ಕೆಟ್ಟ ಮನುಷ್ಯರಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಅವರ ಹೆಸರು ಬರಸಬ್ಯಾಡ. ನಟ್ಟು ಸಡಲ ಆಗಿದ್ದು ನಿನಗ ಮೊದಲs ಗೊತ್ತಿತ್ತು, ಗೊತ್ತಿದ್ದೂ ಓಡಿಸಿದಿ ಅಂತಾಗತೈತಿ. ಇನ್ನೂ ದೊಡ್ಡ ಕಲಂ ಬೀಳತೈತಿ. ಪೆಟ್ಟು ತಿಂದಾಕಿ ಏನರೆ ನಿನ್ನ ಕಡಿ ಹೇಳಿದ್ರ ಮಾತು ಬ್ಯಾರೆ. ನಾಳಿ ಬಿಟ್ಟು ನಾಡಿದ್ದು ಆಕಿ ಹೇಳಿಕಿ ತಗೊಂತೀವಿ."

ಅವರು ಬರೆದದ್ದು ನಾಲ್ಕೇ ಸಾಲು. ಪರಿಕರಗಳು ವಾಹನದಲ್ಲಿಯೇ ಇದ್ದವು, ಚಾಲಕನ ನಿರ್ಲಕ್ಷ್ಯ. ಸಾಹುಕಾರರು ಹೊರಡುವ ಮೊದಲು ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಮಿಲ್ಲಿನ ಹೆಸರಿನ ಕಾಗದದ ಮೇಲೆ ಟೈಪು ಮಾಡಿಸಿದ ಅನುಭವದ ಪತ್ರ. ಮಾರೆಣ್ಣ ಇಪ್ಪತ್ತು ವರ್ಷದಿಂದ ನಮ್ಮಲ್ಲಿ ನಿಷ್ಠೆಯಿಂದ ದುಡಿದಿದ್ದಾನೆ ಎಂದು ಅದರಲ್ಲಿತ್ತು.

"ಕೊಟ್ಟ ಮಾತಿಗಿ ತಪ್ಪೋನಲ್ಲ ನಾನು," ಎಂದರು.

ಮರುದಿನ ಊರೆಲ್ಲ ಬನ್ನಿ ಮುಡಿಯುವ ಸಡಗರದಲ್ಲಿತ್ತು. ನಮ್ಮ ಮನೆಗೂ ನೆರೆಯವರು ಬಂದು ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೋದರು. ಭಾಗ್ಯ ಬಿಸಿಲಿಗೆ ಹಾಕಿದ್ದ ಹಾಸಿಗೆಯನ್ನು ಮಡಿಸಿ ಮೂಲೆಗಿಟ್ಟಳು. ಮತ್ತೆ ಅಟ್ಟಕ್ಕೆ ಏರಿಸಲಿಲ್ಲ. ಅರ್ಜಿಗೆ ಕೊನೆಯ ದಿನ ಅದರ ಮರುದಿನ, ಅಂದರೆ ಹಂಪಕ್ಕನ ಹೇಳಿಕೆ ತೆಗೆದುಕೊಳ್ಳುವ ದಿನ.

ಆ ದಿನ ಪೊಲೀಸರು ಬರುವ ಮೊದಲೇ ನಾನು ಆಸ್ಪತ್ರೆಗೆ ಹೋದೆ. ಹಂಪಕ್ಕನ ಕಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ನನ್ನನ್ನು ನೋಡಿ ಮುಖ ತಿರುಗಿಸುತ್ತಾಳೆ ಎಂದುಕೊಂಡಿದ್ದೆ. ತಿರುಗಿಸಲಿಲ್ಲ. "ಬಾರಪ್ಪಾ, ಕುಂದ್ರು," ಎಂದಳು. ಕೂರಲು ಸ್ಟೂಲು ಇರಲಿಲ್ಲ, ಮಂಚದ ತುದಿಗೆ ಕುಳಿತೆ.

"ಯಕ್ಕಾ, ನಿನ್ನ ಕಾಲಿಗೆ ನಾನs ಕಾರಣ. ಅದನ್ನ ಇಲ್ಲ ಅನ್ನಾಂಗಿಲ್ಲ. ಆದ್ರ ಆವತ್ತು ನಾ ಅಲ್ಲೇ ನಿನಗ ಹೇಳಿದ್ದು ನೆನಪೈತೇನು? ಪಾನಾ ಇದ್ದಿಲ್ಲ ಅಂತ?"

"ನೆನಪಿಲ್ಲದs ಏನು. ನೀ ಅಳಾಕ ಹತ್ತಿದ್ದಿ. ಪಾನಾ ಪೂಜಿಗಿ ಕುಂತೈತಿ ಅಂದಿ."

ನನಗೆ ಅಳುವೇ ಬಂತು. ಈ ಭೂಮಿಯ ಮೇಲೆ ಒಬ್ಬಳಾದರೂ ನನ್ನ ಮಾತನ್ನು ಕೇಳಿಸಿಕೊಂಡಿದ್ದಾಳೆ.

"ಅದನ್ನs ಪೊಲೀಸರಿಗೆ ಹೇಳು ಯಕ್ಕಾ. ಇನ್ನೊಂದು ಮಾತು ಸೇರಿಸಬ್ಯಾಡ, ಒಂದು ಮಾತು ಬಿಡಬ್ಯಾಡ. ಸಾವ್ಕಾರ್ರು ಪಾನಾ ಕೊಟ್ಟಿದ್ರ ನಿನ್ನ ಕಾಲು ಉಳೀತಿತ್ತು."

ಹಂಪಕ್ಕ ಎರಡೂ ಕೈಯಿಂದ ಕೆನ್ನೆ ಮುಟ್ಟಿಕೊಂಡಳು.

"ಹಂಗನಬ್ಯಾಡಪ್ಪಾ. ಪೂಜಿಯಿಂದ ಕಾಲು ಮುರೀತು ಅಂತ ನಾ ಹೆಂಗ ಬಾಯಿಬಿಟ್ಟು ಹೇಳ್ಲಿ? ನಾ ಕುಂಬಳಕಾಯಿ ಮಾರಾಕಿ. ಇಪ್ಪತ್ತು ವರ್ಷದಿಂದ ಎಲ್ಲಾ ಗಾಡಿಗೂ ದೃಷ್ಟಿ ತೆಗಿಯಾಕ ನನ್ನ ಕೈಯಿಂದನs ಕಾಯಿ ಹೋಗ್ಯಾವು. ನೀ ಆವತ್ತು ಪಾನಾ ಎತ್ತಲಿಲ್ಲಲ್ಲ, ಬಾಳ ಚಲೋ ಮಾಡಿದಿ. ಪೂಜಿಗಿ ಕುಂತದ್ದನ್ನ ಎತ್ತಿದ್ರ ನನ್ನ ಜೀವಾನ ಹೋಗತಿತ್ತು. ನೀ ಎತ್ತಲಿಲ್ಲ, ಅದಕ್ಕs ಕಾಲಿಗೆ ಮುಗೀತು."

"ಯಕ್ಕಾ, ಸಾವ್ಕಾರ್ರs ಎತ್ಯಾರ ಅದನ್ನ. ಆವತ್ತs ಎತ್ತಿ ತಂದು ಗಾಡಿಯಾಗ ಇಟ್ಟಾರ!"

"ಅದು ಅವರ ಪಾಪ. ನಿನ್ನ ಕೈ ಚೊಕ್ಕ ಐತಿ ತಮ್ಮಾ. ನಿನಗ ದೇವರು ಒಳ್ಳೇದು ಮಾಡ್ತಾನ."

ಅವಳ ಕಣ್ಣಲ್ಲಿ ನನ್ನ ಮೇಲೆ ಚೂರೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದು ಬೇಡಬಹುದಿತ್ತು. ತಲೆದಿಂಬಿನ ಕೆಳಗಿಂದ ಬಾಡಿದ ಬನ್ನಿ ಎಲೆ ತೆಗೆದು ನನ್ನ ಕೈಗೆ ಕೊಟ್ಟಳು. ತೆಗೆದುಕೊಂಡೆ. ಹೊರಗೆ ಮೆಟ್ಟಿಲ ಹತ್ತಿರ ಜಮಾದಾರರು ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದರು.

ಆಸ್ಪತ್ರೆಯ ಗೇಟಿಗೆ ಬರುವಷ್ಟರಲ್ಲಿ ಗೌತಮಿಯ ಫೋನು ಬಂತು.

"ಅಪ್ಪಾ, ಅರ್ಜಿ ತುಂಬಾಕ ಕುಂತೀನಿ. ಪತ್ರ ಸೇರಿಸೀನಿ. ಮ್ಯಾಲೆ ಕೇಸು ಐತೇನು ಅಂತ ಕೇಳ್ಯಾರ. ಆಕಿ ಏನಂದ್ಲು? ಇಲ್ಲ ಅಂತ ಹಾಕ್ಲಾ?"

"ಐತಿ ಅಂತ ಹಾಕು."

"ಐತಿ ಅಂತ ಒತ್ತಿದ್ರ ಇನ್ನೊಂದು ಡಬ್ಬಿ ತೆಗೀತೈತಪ್ಪಾ. ಕಾರಣ ಬರೀರಿ ಅಂತ. ಏನ್ ಬರೀಲಿ?"

ನನ್ನ ಕೈಯಲ್ಲಿ ಬನ್ನಿ ಎಲೆ ಇತ್ತು. ಬೆರಳಿನ ತುದಿಯಲ್ಲಿ ಬೆಳಗಿನ ಸುಣ್ಣ ಒಣಗಿ ಅಂಟಿಕೊಂಡಿತ್ತು.

"ಚಾಲಕನ ನಿರ್ಲಕ್ಷ್ಯ ಅಂತ ಬರಿ," ಎಂದೆ.

"ನಾ ಬರಿಯಾಂಗಿಲ್ಲಪ್ಪಾ."

"ಬರಿಯವ್ವಾ. ಗಾಡಿಯಾಗ ಪಾನಾ ಇತ್ತು, ನಾನs ಮುಟ್ಟಲಿಲ್ಲ."